ಕರಾವಳಿಯ ಸೇನಾ ನೆಲೆ: ಇದ್ದಲ್ಲೇ ಭದ್ರಪಡಿಸುವುದೋ, ಒಳನಾಡಿಗೆ ಸಾಗಿಸುವುದೋ?

ಮೊದಲು ಲೆಕ್ಕ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿಯಂತೆ, 1995–2014ರ ಸರಾಸರಿಗೆ ಹೋಲಿಸಿದರೆ 2100ರ ಹೊತ್ತಿಗೆ ಸಮುದ್ರಮಟ್ಟ ಹಸಿರುಮನೆ ಅನಿಲಗಳ ಅತಿ ಕಡಿಮೆ ಹೊರಸೂಸುವಿಕೆಯಲ್ಲಿ 0.28–0.55 ಮೀಟರ್, ಅತಿ ಹೆಚ್ಚಿನದರಲ್ಲಿ 0.63–1.01 ಮೀಟರ್ ಏರಬಹುದು. ಉಬ್ಬರ, ಚಂಡಮಾರುತದ ಅಲೆ, ನೆಲದ ಕುಸಿತ ಇದರ ಮೇಲೆ ಸೇರುತ್ತವೆ.

ಇದ್ದಲ್ಲೇ ಭದ್ರಪಡಿಸಿದರೆ ಜೆಟ್ಟಿ, ಡ್ರೈಡಾಕ್ (ನೀರು ಹೊರಹಾಕಿ ಹಡಗು ದುರಸ್ತಿ ಮಾಡುವ ಕಟ್ಟೆ) ಕೈಬಿಡಬೇಕಿಲ್ಲ, ಕೆಲಸವನ್ನೂ ಹಂತಹಂತವಾಗಿ ಮಾಡಬಹುದು. ಆದರೆ ಗೋಡೆ ಎಷ್ಟೇ ಗಟ್ಟಿಯಿರಲಿ, ನೀರು ಕೆಳಗಿನಿಂದ ಬರುತ್ತದೆ: ಅಂತರ್ಜಲ ಮೇಲೇರುತ್ತದೆ, ಮಳೆನೀರಿನ ಕೊಳವೆಗಳಲ್ಲಿ ಸಮುದ್ರ ಹಿಮ್ಮುಖವಾಗಿ ನುಗ್ಗುತ್ತದೆ. ಕೊಳವೆಯ ಬಾಯಿಗೆ ಹಿಮ್ಮುಖ ತಡೆ ಕವಾಟ, ಪ್ರತ್ಯೇಕ ವಿದ್ಯುತ್ತಿನ ಪಂಪ್ ಬೇಕೇ ಬೇಕು. ಜನರೇಟರ್ ನೆಲಮಾಳಿಗೆಯಲ್ಲಿ ಇರಲೇಬಾರದು. ಖಾಲಿ ಇಂಧನ ಟ್ಯಾಂಕ್ ಪ್ರವಾಹದಲ್ಲಿ ತೇಲಿ ಪೈಪುಗಳನ್ನು ಕಿತ್ತುಹಾಕುತ್ತದೆ; ಅದನ್ನು ಬುಡಕ್ಕೆ ಬಿಗಿಯಿರಿ. ಇಷ್ಟೆಲ್ಲ ಮಾಡಿಯೂ ಬೇಲಿಯಾಚೆಯ ವಿದ್ಯುತ್ ಸಬ್‌ಸ್ಟೇಷನ್ ಮುಳುಗಿದರೆ ಖರ್ಚು ವ್ಯರ್ಥ.

ಸಾಗಿಸುವುದು ದುಬಾರಿ, ನಿಧಾನ. ಭೂಸ್ವಾಧೀನದ ತಕರಾರು ಬೇರೆ. 2018ರಲ್ಲಿ ಮೈಕೆಲ್ ಚಂಡಮಾರುತ ಫ್ಲಾರಿಡಾದ ಟಿಂಡಲ್ ವಾಯುನೆಲೆಯನ್ನು ನೆಲಸಮವೆಂಬಷ್ಟು ಹಾಳುಗೆಡವಿದಾಗಲೂ ಅಮೆರಿಕ ಅಲ್ಲೇ ಮರುನಿರ್ಮಾಣಕ್ಕಿಳಿಯಿತು.

ನಮ್ಮ ಸಲಹೆ: ಹಡಗಿಗೆ ಅಂಟಿಕೊಂಡ ಕೆಲಸವಷ್ಟೇ ದಡದಲ್ಲಿರಲಿ. ಕಮಾಂಡ್ ಕೇಂದ್ರ, ಆಸ್ಪತ್ರೆ, ಬಿಡಿಭಾಗಗಳ ಗೋದಾಮು ಮೊದಲು ಒಳನಾಡಿಗೆ ಹೋಗಲಿ. ಮುಖ್ಯ ರಸ್ತೆ ವರ್ಷಕ್ಕೆ ಎಷ್ಟು ದಿನ ಮುಳುಗಿದರೆ ಉಳಿದದ್ದನ್ನೂ ಸಾಗಿಸಬೇಕೆಂದು ಈಗಲೇ ಬರೆದಿಡಿ. ಜಾಗ ಗೊತ್ತುಮಾಡುವುದಕ್ಕೇ ವರ್ಷಗಳು ಹಿಡಿಯುತ್ತವೆ.