ಎದೆ ಡವಡವ ಅಂದಾಗ ಕೈಗೆ ಬರುವ ಸಣ್ಣ ಪಟ್ಟಿ

ದಿನವಿಡೀ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಹಾಕಿ ನೋಡಿದ ಡಾಕ್ಟರು ಏಟ್ರಿಯಲ್ ಫಿಬ್ರಿಲೇಷನ್ ಅಂದರು, ಅಂದರೆ ಎದೆಬಡಿತದ ತಾಳ ತಪ್ಪುವುದು. ನನ್ನದು ಆಗಾಗ ಬಂದು ಹೋಗುವ ಬಗೆಯದು. ಮಾತ್ರೆ ಶುರುವಾಯಿತು. ಜೊತೆಗೆ ಹೆದರಿಕೆಯೂ. ರಾತ್ರಿ ಎಡಮಗ್ಗುಲಿಗೆ ಹೊರಳಿದರೆ ಸಾಕು, ದಿಂಬಿನೊಳಗೇ ಬಡಿತ ಕೇಳಿಸುತ್ತಿತ್ತು. ಆಗ ಮಗಳು ಕಾರ್ಡಿಯಾಮೊಬೈಲ್ ತಂದುಕೊಟ್ಟಳು, ಮನೆಯಲ್ಲೇ ಎದೆಬಡಿತದ ಗೆರೆ (ಇಸಿಜಿ) ತೆಗೆಯುವ ಪುಟ್ಟ ಸಾಧನ.

ಚೂಯಿಂಗ್ ಗಮ್ ಪಟ್ಟಿಯಷ್ಟು ಇದೆ, ಮೇಲೆ ಎರಡು ಲೋಹದ ಚೌಕ. ಎರಡೂ ಕೈಯ ಬೆರಳಿಟ್ಟು 30 ಸೆಕೆಂಡು ಅಲುಗಾಡದೆ, ಮಾತಾಡದೆ ಕೂತರೆ ಫೋನಿನಲ್ಲಿ ಇಸಿಜಿ ಗೆರೆ ಓಡುತ್ತದೆ. ಚಾರ್ಜಿಂಗ್ ರಗಳೆಯಿಲ್ಲ, ಬಿಲ್ಲೆಯಂಥ ಬ್ಯಾಟರಿ. ಚಳಿಗೆ ಬೆರಳು ಒಣಗಿದ್ದರೆ ಗೆರೆ ಗಜಿಬಿಜಿ. ಒಂಚೂರು ನೀರು ಸವರಿಕೊಳ್ಳುತ್ತೇನೆ.

ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅದರ ಪಿಡಿಎಫ್. ಮೊದಲು ಡಾಕ್ಟರ ಎದುರು ಕೂತೊಡನೆ ಈ ಹೃದಯ ಸಾಧುವಾಗಿಬಿಡುತ್ತಿತ್ತು! ಈಗ ತಾಳ ತಪ್ಪಿದ ಹೊತ್ತಿನ ಗೆರೆಯನ್ನೇ ಪಿಡಿಎಫ್ ಆಗಿ ಅವರಿಗೆ ವಾಟ್ಸಾಪ್ ಮಾಡುತ್ತೇನೆ. ಎಷ್ಟೋ ಸಲ ಎದೆ ಹಾರಿದಂತೆ ಅನಿಸಿದರೂ ಪರದೆ ಮೇಲೆ 'ನಾರ್ಮಲ್' ಅಂತಲೇ ಬರುತ್ತದೆ. ಸುಮ್ನೆ ಗಾಬರಿ, ಅಷ್ಟೇ. ಉಸಿರನ್ನು ನಿಧಾನಕ್ಕೆ ಬಿಡುತ್ತಾ ಕೂತರೆ ಇಳಿಯುತ್ತದೆ.

ಆದರೆ ಇದು ಚಟವಾಗಬಾರದು. ಸಾರಿಗೆ ಒಗ್ಗರಣೆ ಹಾಕುವ ಮಧ್ಯೆಯೂ ನೋಡಿಕೊಳ್ಳುತ್ತಿದ್ದೆ ಅಂತ ಯಜಮಾನರು ಅದನ್ನು ಬೀರುವಿಗೆ ಸೇರಿಸಿದ್ದಾರೆ, ಕೇಳಿ ತಗೋಬೇಕು. ಇನ್ನೊಂದು, ಇದು ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ. ಎದೆನೋವೋ, ಕಣ್ಣು ಕತ್ತಲೆಯೋ ಬಂದರೆ ಇದನ್ನು ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳದೆ ಕೊಳ್ಳಬೇಡಿ.