ಆಫೀಸಿನ ಹಳೇ ಯುಪಿಎಸ್ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರಬೇಡಿ

ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ವಾಷಿಂಗ್ ಮಶಿನ್ ಸಾಕೆಟ್ ಇದ್ದ ಗೋಡೆ ಇನ್ನೂ ಕಪ್ಪಗೇ ಇದೆ. ಕಾರಣ ನಾನೇ.

ಹೋದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಆಫೀಸು ಮುಚ್ಚಿತು. ಅಲ್ಲಿದ್ದ 6 ಕೆವಿಎ ಆನ್‌ಲೈನ್ ಯುಪಿಎಸ್, ಜೊತೆಗೆ 16 ಬ್ಯಾಟರಿ, ಹೊಸ ಇನ್ವರ್ಟರ್‌ಗಿಂತ ಕಡಿಮೆ ದುಡ್ಡಿಗೆ ಸಿಕ್ಕಿತು. "ಇಡೀ ಮನೆ ಓಡುತ್ತೆ ಭಾವ, ಗೀಸರ್ ಕೂಡ" ಎಂದ ಭಾಮೈದ. ಟಾಟಾ ಏಸ್‌ನಲ್ಲಿ ಹಾಕಿಸಿಕೊಂಡು ಬಂದೆ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ಮಿತಿ, 2 ಕಿಲೋವ್ಯಾಟ್ ಎಂದಿತ್ತು. ಅದನ್ನು ಯಾರು ನೋಡುತ್ತಾರೆ!

ಯುಪಿಎಸ್ ಅನ್ನು ವಾಷಿಂಗ್ ಮಶಿನ್ನಿನ 16 ಆಂಪ್ ಸಾಕೆಟ್‌ಗೆ ಸಿಕ್ಕಿಸಿ, ಮುಕ್ಕಾಲು ಮನೆಯ ಲೈನನ್ನು ಅದರ ಔಟ್‌ಪುಟ್‌ಗೆ ಕೊಟ್ಟೆವು. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತಿತ್ತು. ವೈರಿಂಗ್ ಹುಡುಗ 16 ಆಂಪ್‌ನದು ತೆಗೆದು 32 ಆಂಪ್‌ನದು ಹಾಕಿದ. ಬೀಳುವುದು ನಿಂತಿತು, ನಮಗೆ ಖುಷಿ. ಆದರೆ ಗೋಡೆಯೊಳಗಿನ ವೈರು ಅದೇ 2.5 ಎಂಎಂ, ಸಾಕೆಟ್ಟೂ ಅದೇ. ಎಂಸಿಬಿ ಇರುವುದೇ ವೈರು ಬಿಸಿಯಾಗಿ ಸುಡದಂತೆ ನೋಡಿಕೊಳ್ಳಲು. ಆ ಕಾವಲನ್ನೇ ನಾವು ದುಡ್ಡು ಕೊಟ್ಟು ತೆಗೆಸಿದ್ದೆವು.

ಒಂದು ರಾತ್ರಿ ತುಂಬಾ ಹೊತ್ತು ಕರೆಂಟ್ ಇರಲಿಲ್ಲ. ಬೆಳಿಗ್ಗೆ ಬಂತು. ಖಾಲಿಯಾದ ಬ್ಯಾಟರಿಗಳು ಚಾರ್ಜ್ ಎಳೆಯಲು ಶುರು ಮಾಡಿದವು, ಅದೇ ಹೊತ್ತಿಗೆ ಗೀಸರ್, ಇಸ್ತ್ರಿಪೆಟ್ಟಿಗೆ, ಮಿಕ್ಸಿ. ಗೀಸರ್ ಒಂದೇ ಸುಮಾರು 9 ಆಂಪ್ ಎಳೆಯುತ್ತೆ. ಎಲ್ಲಾ ಸೇರಿ 20 ದಾಟಿರಬೇಕು. ಅಮ್ಮ "ಏನೋ ಸುಟ್ಟ ವಾಸನೆ ಬರ್ತಿದೆ, ನೋಡಪ್ಪಾ" ಎಂದರು. ಹೋಗಿ ನೋಡಿದರೆ ಪ್ಲಗ್ ಕರಗಿ ಸಾಕೆಟ್‌ಗೆ ಅಂಟಿಕೊಂಡಿದೆ, ಗೋಡೆಯಿಂದ ಹೊಗೆ. ಓಡಿ ಮೇನ್ ಆಫ್ ಮಾಡಿದೆ. ಅಷ್ಟಾದರೂ ಯುಪಿಎಸ್ ಗುಂಯ್ ಎನ್ನುತ್ತಲೇ ಇತ್ತು, ಮನೆಯಲ್ಲಿ ಲೈಟು ಉರಿಯುತ್ತಲೇ ಇತ್ತು. ಆ ಕ್ಷಣ ನಿಜಕ್ಕೂ ಹೆದರಿದೆ. 16 ಬ್ಯಾಟರಿ ಸಾಲಾಗಿ ಸೇರಿಸಿದರೆ 192 ವೋಲ್ಟ್ ಡಿಸಿ. ಮೇನ್ ಆಫ್ ಮಾಡಿದರೂ ಅದು ಅಲ್ಲೇ ಇರುತ್ತೆ, ಮುಟ್ಟಿದರೆ ಜೀವಕ್ಕೇ ಅಪಾಯ. ಮನೆ ಇನ್ವರ್ಟರ್‌ನ 12 ವೋಲ್ಟ್ ಬ್ಯಾಟರಿಯ ಹಾಗೆ ಸುಮ್ನೆ ಸ್ಪ್ಯಾನರ್ ಹಿಡಿದು ಬಿಚ್ಚುವ ವಸ್ತು ಅಲ್ಲ.

ಇನ್ನು ಬಿಲ್ಲು. ಮನೆ ಇನ್ವರ್ಟರ್ ಕರೆಂಟ್ ಇದ್ದಾಗ ಅದನ್ನು ಹಾಗೇ ಮುಂದಕ್ಕೆ ಬಿಡುತ್ತೆ. ಆನ್‌ಲೈನ್ ಯುಪಿಎಸ್ ಹಗಲೂ ರಾತ್ರಿ ಲೈನಿನ ಎಸಿ ಕರೆಂಟನ್ನು ಬ್ಯಾಟರಿಯಲ್ಲಿರುವಂಥ ಡಿಸಿ ಮಾಡಿ, ಮತ್ತೆ ಎಸಿ ಮಾಡುತ್ತಲೇ ಇರುತ್ತೆ. ಸರ್ವರ್‌ಗೆ ಅದು ಬೇಕು, ನಮ್ಮ ಫ್ಯಾನಿಗೆ ಯಾಕೆ? ನಮ್ಮದು ಸುಮ್ನೆ ಆನ್ ಆಗಿರಲಿಕ್ಕೇ ಸುಮಾರು 300 ವ್ಯಾಟ್ ತಿನ್ನುತ್ತಿತ್ತು. ಲೆಕ್ಕ ಹಾಕಿ: ದಿನಕ್ಕೆ 7.2 ಯೂನಿಟ್, ತಿಂಗಳಿಗೆ 216. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಸೊನ್ನೆ ಬರುತ್ತಿದ್ದ ಬಿಲ್ಲು ಸಾವಿರಗಳಲ್ಲಿ ಬಂತು. ಮಶಿನ್ನಿನ ಸದ್ದಿಗೆ ನಿದ್ದೆ ಹಾಳಾದದ್ದು ಬೇರೆ.

ಈಗ ಒಂದೇ ಬ್ಯಾಟರಿಯ ಸಣ್ಣ ಇನ್ವರ್ಟರ್ ಇದೆ, ಲೈಟು, ಫ್ಯಾನು, ವೈಫೈಗೆ ಸಾಕು. ಗೀಸರ್ ನೇರ ಲೈನಿಗೆ ಹೋಯಿತು, 16 ಆಂಪ್ ಎಂಸಿಬಿ ವಾಪಸ್ ಬಂತು. ಬ್ಯಾಟರಿಗಳನ್ನು ಯುಪಿಎಸ್ ಕೆಲಸ ಗೊತ್ತಿರುವವರನ್ನೇ ಕರೆಸಿ ಬಿಚ್ಚಿಸಿದೆ. ನಾಲ್ಕು ಆಗಲೇ ಊದಿಕೊಂಡಿದ್ದವು. ಗುಜರಿಯವನು ಸೀಸದ ಆಸೆಗೆ ಬ್ಯಾಟರಿ ಮಾತ್ರ ತಗೊಂಡು ಹೋದ. ಯುಪಿಎಸ್ ಇನ್ನೂ ಶೆಡ್ಡಿನಲ್ಲೇ ಇದೆ. ಯಾರಾದರೂ ಕೇಳಿದರೆ ಕೊಡಲೂ ಭಯ.