ಕೊಡಗಿನ ಮನೆಯಲ್ಲಿ ಕಡಲ ಅಕ್ವೇರಿಯಂ: ಮಳೆಗಾಲ ತಡೆದದ್ದು ಯಾವುದು?

ಉಪ್ಪುನೀರಿನ ದೊಡ್ಡ ಅಕ್ವೇರಿಯಂ ಕಟ್ಟುತ್ತೇನೆ ಅಂದರೆ ಚೆನ್ನೈ, ಮುಂಬೈ ಕಡೆಯವರು ಮೊದಲು ಹೇಳುವುದು ಚಿಲ್ಲರ್ ಬಗ್ಗೆ. ನೀರು ಬಿಸಿಯಾಗುತ್ತದೆ, ತಣ್ಣಗೆ ಮಾಡುವ ಯಂತ್ರಕ್ಕೇ ದುಡ್ಡು ಎತ್ತಿಡಿ ಅನ್ನುತ್ತಾರೆ. ಮಡಿಕೇರಿಯಲ್ಲಿ ಈ ಮಾತು ತಲೆಕೆಳಗು. ನಮ್ಮೂರು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಜುಲೈಯಲ್ಲಿ ನಮ್ಮ ಹಾಲ್‌ನಲ್ಲಿ ಹಗಲಲ್ಲೂ 18–19 ಡಿಗ್ರಿ. ಹವಳಕ್ಕೆ, ಕ್ಲೌನ್ ಮೀನಿಗೆ ಬೇಕಾದದ್ದು 25ರ ಆಸುಪಾಸು. ಇದರ ಮೇಲೆ ಗಾಳಿಯ ತೇವದ ಶೀತ, ಹೋದರೆ ಬೇಗ ಬಾರದ ಕರೆಂಟ್, ಮಣ್ಣು ಕುಸಿದು ಮುಚ್ಚುವ ಘಟ್ಟದ ರಸ್ತೆ, ತೋಟಕ್ಕೆ ಹೊಡೆಯುವ ಮೈಲುತುತ್ತ. ಹಾಗಾಗಿ ಎರಡು ವಸ್ತುಗಳಲ್ಲಿ ಒಂದನ್ನು ಆರಿಸಬೇಕಾದಾಗಲೆಲ್ಲ ನಾನು ಕೇಳಿಕೊಂಡದ್ದು ಒಂದೇ: ಇದು ಜುಲೈಯಲ್ಲಿ ಹೇಗಿರುತ್ತದೆ?

ನಾನು ಎರಡು ಟ್ಯಾಂಕ್ ನಡೆಸಿದ್ದೇನೆ. ಮೊದಲನೆಯದು ನಾಲ್ಕಡಿಯ ಅಕ್ರಿಲಿಕ್. ಅದು ಈಗ ಕುಶಾಲನಗರದಲ್ಲಿ ಭಾವನ ಮನೆಯಲ್ಲಿದೆ. ಈಗ ನನ್ನ ಹಾಲ್‌ನಲ್ಲಿರುವುದು ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನದು. ಕುಶಾಲನಗರ ನಮಗಿಂತ ತಗ್ಗಿನಲ್ಲಿದೆ, ಮಳೆಯೂ ತುಂಬಾ ಕಡಿಮೆ. ಹಾಗಾಗಿ ಕೆಲವು ಸಾಮಾನುಗಳನ್ನು ಒಂದೇ ಜಿಲ್ಲೆಯ ಎರಡು ಹವೆಯಲ್ಲಿ ನೋಡುವ ಅವಕಾಶ ಸಿಕ್ಕಿತು.

ಗಾಜು, ಅಕ್ರಿಲಿಕ್

ನನ್ನ ಟ್ಯಾಂಕ್ ಪೂರ್ತಿ ತುಂಬಿದರೆ ಸುಮಾರು 680 ಲೀಟರ್. 12 ಎಂಎಂ ಗಾಜಿನ ತೂಕವೇ 125 ಕಿಲೋ ಹತ್ತಿರ. ಕಲ್ಲು, ಸಂಪ್ (ನೀರು ಸೋಸಲು ಕೆಳಗೆ ಇಡುವ ಇನ್ನೊಂದು ತೊಟ್ಟಿ), ಸ್ಟ್ಯಾಂಡ್ ಎಲ್ಲ ಸೇರಿದರೆ ಒಂದು ಟನ್. ಹಳೆಯ ಮನೆಗಳ ಮರದ ಅಟ್ಟದ ಮೇಲೆ ಇದನ್ನು ಇಡುವ ಯೋಚನೆಯೇ ಬೇಡ. ನೆಲಮಹಡಿಯಲ್ಲಿ, ಗಟ್ಟಿ ನೆಲದ ಮೇಲೆ, ಗೋಡೆಗೆ ಹತ್ತಿರ ಇಡಬೇಕು.

ಅಕ್ರಿಲಿಕ್ ಅಷ್ಟೇ ದಪ್ಪದ ಗಾಜಿನ ಅರ್ಧಕ್ಕಿಂತಲೂ ಹಗುರ. ಶಾಖವನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಚಳಿಯ ಊರಿಗೆ ಅದೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಕರೆಂಟ್ ಹೋದಾಗ ಬೇಗ ತಣ್ಣಗಾಗುತ್ತಿದ್ದದ್ದು ನಾಲ್ಕಡಿಯ ಅಕ್ರಿಲಿಕ್ಕೇ. ಅದರಲ್ಲಿ ನೀರು ಕಡಿಮೆ. ಆರಡಿಯ ಗಾಜಿನದು ಹೀಟರ್ ನಿಂತರೂ ಗಂಟೆಗೆ ಅರ್ಧ ಡಿಗ್ರಿಯಷ್ಟೂ ಇಳಿಯುವುದಿಲ್ಲ. ಹಿಂಬದಿಗೆ, ಅಡಿಗೆ ಥರ್ಮೋಕೋಲ್ ಹಾಳೆ ಕೊಟ್ಟ ಮೇಲೆ ಇನ್ನೂ ನಿಧಾನ. ಗೋಡೆ ಯಾವುದರದ್ದು ಅನ್ನುವುದಕ್ಕಿಂತ ಒಳಗೆ ಎಷ್ಟು ನೀರಿದೆ ಅನ್ನುವುದೇ ಇಲ್ಲಿ ಗೆದ್ದಿತು. ಅಕ್ರಿಲಿಕ್‌ನ ಇನ್ನೊಂದು ತೊಂದರೆ ಗೀರು. ಗಾಜಿನ ಮೇಲೆ ಕೂತ ಸುಣ್ಣದಂಥ ಕೆಂಪು ಪಾಚಿಯನ್ನು ಬ್ಲೇಡಿನಿಂದ ಕೆರೆದು ತೆಗೆಯಬಹುದು. ಅಕ್ರಿಲಿಕ್ ಮೇಲೆ ಬ್ಲೇಡ್ ಮುಟ್ಟಿಸುವ ಹಾಗಿಲ್ಲ. ಮ್ಯಾಗ್ನೆಟ್ ಬ್ರಷ್ಷಿಗೆ ಒಂದು ಮರಳ ಕಾಳು ಸಿಕ್ಕಿದರೂ ಗೆರೆ ಬೀಳುತ್ತದೆ. ಜಾಗ ಇದ್ದರೆ ದೊಡ್ಡ ಗಾಜಿನದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಟ್ಯಾಂಡಿಗೆ ಕಬ್ಬಿಣ ಬೇಡ. ಉಪ್ಪು ಮತ್ತು ನಮ್ಮ ಶೀತ ಸೇರಿದರೆ ಬಣ್ಣ ಬಳಿದಿದ್ದರೂ ಬೆಸುಗೆಯ ಜಾಗದಿಂದ ತುಕ್ಕು ಶುರುವಾಗುತ್ತದೆ. ಹಲಸಿನ ಮರದ ಚೌಕಟ್ಟು ಚೆನ್ನಾಗಿ ನಿಂತಿದೆ. ಕಡಿಮೆ ಖರ್ಚಿಗೆ ಬೇಕೆಂದರೆ ಇಟ್ಟಿಗೆ ಕಟ್ಟೆಯೂ ಆಗುತ್ತದೆ.

ಮಳೆನೀರು, ಬಾವಿನೀರು, ಆರ್‌ಓ

ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿಗೆ ಯಾಕೆ ಯಂತ್ರ ಎಂದು ಎಲ್ಲರೂ ಕೇಳುತ್ತಾರೆ. ಕೇಳುವುದರಲ್ಲಿ ಅರ್ಥ ಇದೆ. ನಮ್ಮ ಬಾವಿನೀರಿನ ಟಿಡಿಎಸ್, ಅಂದರೆ ಕರಗಿದ ವಸ್ತುಗಳ ಪ್ರಮಾಣ, 50ರ ಆಸುಪಾಸು. ಚೆನ್ನಾಗಿ ಮಳೆ ಹೊಯ್ದ ಮೇಲೆ ಹಿಡಿದ ನೀರಿನದು 10ಕ್ಕಿಂತ ಕಡಿಮೆ. ಬಯಲುಸೀಮೆಯ ಬೋರ್‌ವೆಲ್ ನೀರಿನ ಮುಂದೆ ಇದು ಚಿನ್ನ.

ಆದರೆ ಟಿಡಿಎಸ್ ಮೀಟರ್ ನೀರಿನಲ್ಲಿ ಎಷ್ಟು ಕರಗಿದೆ ಅಂತ ಮಾತ್ರ ಹೇಳುತ್ತದೆ. ಏನು ಕರಗಿದೆ ಅಂತ ಹೇಳುವುದಿಲ್ಲ. ಕೊಡಗಿನಲ್ಲಿ ಕೇಳಬೇಕಾದ್ದೇ ಅದನ್ನು. ಮಳೆಗಾಲಕ್ಕೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ಕೊಳೆರೋಗ ಬಾರದಿರಲಿ ಎಂದು ಬೋರ್ಡೋ ಹೊಡೆಯುತ್ತಾರೆ. ಶೇ. 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಸಿಗಡಿ, ಬಸವನಹುಳು, ಹವಳಗಳಿಗೆ ತಾಮ್ರ ತೀರಾ ಸ್ವಲ್ಪ ಇದ್ದರೂ ವಿಷ. ಗಾಳಿಗೆ ಹಾರಿದ ಹನಿ ಮಾಡಿನ ಮೇಲೆ ಕೂತಿರುತ್ತದೆ, ಮೊದಲ ಮಳೆಗೆ ತೊಳೆದು ಡ್ರಮ್ಮಿಗೆ ಬರುತ್ತದೆ. ತಗಡಿನ ಮಾಡಾದರೆ ಸತುವೂ ಸೇರುತ್ತದೆ. ಹೆಂಚಾದರೆ ಪಾಚಿ.

ಹಾಗಾಗಿ ಮಳೆನೀರನ್ನು ನೇರವಾಗಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಡುಗೆಮನೆಯ ಆರ್‌ಓ ಕೂಡ ಸಾಲದು. ರುಚಿಗೆಂದು ಅವುಗಳಲ್ಲಿ ಖನಿಜ ಸೇರಿಸುತ್ತಾರೆ, ಇಲ್ಲವೇ ಸ್ವಲ್ಪ ಹಸಿನೀರನ್ನೇ ಬೆರೆಸುತ್ತಾರೆ. ಬೇಕಾದದ್ದು ಆರ್‌ಓ ಜೊತೆಗೆ ಡಿಐ ರೆಸಿನ್, ಅಂದರೆ ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ರಾಳದ ಕಾಳು, ಇರುವ ಘಟಕ. ಹೊರಬರುವ ನೀರಿನ ಟಿಡಿಎಸ್ 0 ಇರಬೇಕು. ನಮ್ಮ ಅನುಕೂಲ ಸಿಗುವುದು ಇಲ್ಲಿ. ಒಳಗೆ ಹೋಗುವ ನೀರೇ ಮೆದುವಾದ್ದರಿಂದ ರೆಸಿನ್ ಬಹಳ ಕಾಲ ಬಾಳುತ್ತದೆ. ಅನನುಕೂಲವೂ ಒಂದಿದೆ. ಆರ್‌ಓ ಪೊರೆಯ ಮೇಲೆ ಬರೆದಿರುವ ಲೆಕ್ಕ 25 ಡಿಗ್ರಿ ನೀರಿಗೆ. ಮಳೆಗಾಲದ ತಣ್ಣೀರಿಗೆ ಅದು ನಿಧಾನವಾಗುತ್ತದೆ. ಬೂಸ್ಟರ್ ಪಂಪ್ ಇಲ್ಲದೆ ಬರೀ ಮೇಲಿನ ಟ್ಯಾಂಕಿನ ಒತ್ತಡದಲ್ಲಿ ನಡೆಯುವುದಿಲ್ಲ.

ತೋಟದ ಬಕೆಟ್, ಸ್ಪ್ರೇ ಕೆಲಸದ ಕೈ, ಎರಡೂ ಈ ಟ್ಯಾಂಕಿನ ಹತ್ತಿರ ಬರಬಾರದು. ನಮ್ಮಲ್ಲಿ ಕಡಲ ನೀರಿನ ಬಕೆಟ್‌ಗಳ ಬಣ್ಣವೇ ಬೇರೆ.

ನಿಜವಾದ ಕಡಲ ನೀರು, ಪ್ಯಾಕೆಟ್ ಉಪ್ಪು

ಎರಡನ್ನೂ ಬಳಸಿದ್ದೇನೆ. ಮಂಗಳೂರು ನಮಗೆ 140 ಕಿಲೋಮೀಟರ್ ಒಳಗೇ ಇದೆ. ಬೇಸಿಗೆಯಲ್ಲಿ ದೋಣಿಯವರಿಗೆ ಹೇಳಿ ದಡದಿಂದ ದೂರದ ನೀರು ತರಿಸಿ, ಕತ್ತಲಲ್ಲಿ ಕೆಲವು ದಿನ ಗಾಳಿ ಊದಿಸಿ ಇಟ್ಟು, ಸೋಸಿ ಬಳಸಿದರೆ ಬಹಳ ಒಳ್ಳೆಯ ನೀರು. ಅದನ್ನು ಹಾಕಿದ ಮೇಲೆ ಲೆದರ್ ಹವಳದ ಎಸಳುಗಳು ಬಿಚ್ಚಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಕೆಂಪುನೀರು ಸೇರಿ ದಡದ ಹತ್ತಿರದ ಉಪ್ಪು ಇಳಿದುಬಿಡುತ್ತದೆ. ಕಾಸರಗೋಡಿನಲ್ಲೂ ಅಷ್ಟೇ, ಅಲ್ಲಿ ಕಡಲು ಸೇರುವ ಚಂದ್ರಗಿರಿ ನಮ್ಮ ಬೆಟ್ಟಗಳಲ್ಲೇ ಹುಟ್ಟಿದ ಪಯಸ್ವಿನಿ. ಇನ್ನು ರಸ್ತೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮುಚ್ಚಿದ್ದು ನಮಗೆಲ್ಲ ನೆನಪಿದೆ. ನೀರು ತುರ್ತಾಗಿ ಬೇಕಾಗುವ ತಿಂಗಳಲ್ಲೇ ಅದು ಸಿಗುವುದಿಲ್ಲ.

ಆದ್ದರಿಂದ ಮಾಮೂಲಿಗೆ ಪ್ಯಾಕೆಟ್ ಉಪ್ಪು. ಲೀಟರಿಗೆ 36–38 ಗ್ರಾಂ ಹಾಕಿದರೆ ಸಾಂದ್ರತೆ 1.025ಕ್ಕೆ ಬರುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿಕೊಂಡೇ ಹಾಕಬೇಕು. ರೆಡ್ ಸೀ ಕಂಪನಿಯ ಎರಡು ಉಪ್ಪುಗಳಲ್ಲಿ ಕೋರಲ್ ಪ್ರೋ ಎಂಬುದು ಆಲ್ಕಲಿನಿಟಿಯನ್ನು (ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿ; ಅಳತೆ ಡಿಕೆಎಚ್) 12 ಡಿಕೆಎಚ್ ಹತ್ತಿರ ಕೊಡುತ್ತದೆ, ಮಾಮೂಲಿಯದು 8ರ ಹತ್ತಿರ. ಮೆದು ಹವಳಗಳ ಟ್ಯಾಂಕಿಗೆ ಮಾಮೂಲಿಯದೇ ಸಾಕು, ಸುಮ್ನೆ ಜಾಸ್ತಿ ಕೊಡುವುದು ಬೇಡ. ಬ್ರ್ಯಾಂಡಿಗಿಂತ ಇಲ್ಲಿ ಮುಖ್ಯ ಡಬ್ಬಿ. ಚೀಲದಲ್ಲೇ ಬಿಟ್ಟ ಉಪ್ಪು ಶೀತಕ್ಕೆ ಕಲ್ಲಾಗುತ್ತದೆ, ಕೆಲವು ಲವಣಗಳು ಆಮೇಲೆ ಸರಿಯಾಗಿ ಕರಗುವುದೇ ಇಲ್ಲ. ಬಿಗಿ ಮುಚ್ಚಳದ ಡ್ರಮ್ಮಿಗೆ ತಂದ ದಿನವೇ ಸುರಿಯಿರಿ.

ಹೀಟರ್ ಮತ್ತು ಕರೆಂಟ್

ಒಂದು ದೊಡ್ಡ ಹೀಟರಿಗಿಂತ 300 ವ್ಯಾಟಿನ ಎರಡು ಮೇಲು. ಒಂದು ಕೆಟ್ಟರೆ ಇನ್ನೊಂದು ನೀರನ್ನು ಪೂರ್ತಿ ತಣ್ಣಗಾಗಲು ಬಿಡುವುದಿಲ್ಲ. ಆಫ್ ಆಗದೆ ಸಿಕ್ಕಿಕೊಂಡರೂ ಒಂದೇ ಒಂದು 300 ವ್ಯಾಟ್ ಇಷ್ಟು ನೀರನ್ನು ಬೇಗ ಬೇಯಿಸಲಾರದು. ಹೀಟರಿನ ಒಳಗಿನ ಥರ್ಮೋಸ್ಟಾಟನ್ನೇ ನಂಬದೆ ಹೊರಗೊಂದು ಕಂಟ್ರೋಲರ್ ಹಾಕಿ. ಕುಶಾಲನಗರದ ಟ್ಯಾಂಕಿಗೆ ಏಪ್ರಿಲ್‌ನಲ್ಲಿ ಫ್ಯಾನ್ ಬೇಕಾಗುತ್ತದೆ. ನನ್ನದಕ್ಕೆ ಫ್ಯಾನೂ ಬೇಕಾಗಿಲ್ಲ.

ತಣ್ಣನೆಯ ಕೋಣೆಯಲ್ಲಿ ಬೆಚ್ಚನೆಯ ನೀರು ಇಟ್ಟರೆ ಹಬೆ ಏಳುತ್ತದೆ, ಕಿಟಕಿಯ ಗಾಜು ಬೆವರುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಇದಕ್ಕೆ ಬಲೆ ಮುಚ್ಚಳಕ್ಕಿಂತ ಅಕ್ರಿಲಿಕ್ ಹಾಳೆಯ ಮುಚ್ಚಳ ಒಳ್ಳೆಯದು, ಹೀಟರ್ ಉರಿಯುವುದೂ ಕಡಿಮೆಯಾಗುತ್ತದೆ. ಆದರೆ ಪೂರ್ತಿ ಬಿಗಿದು ಮುಚ್ಚಬಾರದು, ಗಾಳಿಗೆ ಬೆರಳಗಲ ಬಿಡಬೇಕು.

ಕರೆಂಟ್ ಹೋದಾಗ ಏನು ಮಾಡಬೇಕು ಎಂಬುದೇ ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. 12 ವೋಲ್ಟ್, 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರ್ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಅದಕ್ಕೆ ಎರಡು ಹೀಟರ್ ಕೊಟ್ಟರೆ ಮೂರು ಗಂಟೆಯೂ ಬರುವುದಿಲ್ಲ. ಹೀಟರ್ ತೆಗೆದು ನೀರನ್ನು ಅಲೆಯಂತೆ ಆಡಿಸುವ ಒಂದು ಡಿಸಿ ವೇವ್‌ಮೇಕರ್, ಒಂದು ಏರ್ ಪಂಪ್ ಮಾತ್ರ ಇಟ್ಟರೆ 40 ವ್ಯಾಟ್ ಒಳಗೇ ಮುಗಿಯುತ್ತದೆ, ಒಂದು ದಿನ ದಾಟುತ್ತದೆ. ಮೀನು ಸಾಯುವುದು ಮೊದಲು ಆಮ್ಲಜನಕ ಇಲ್ಲದೆ, ಚಳಿ ಆಮೇಲಿನ ಮಾತು. ಆದ್ದರಿಂದ ಇನ್ವರ್ಟರ್ ನೀರಾಡಿಸುವುದಕ್ಕೆ, ಜನರೇಟರ್ ಬಿಸಿಗೆ. ಜನರೇಟರನ್ನು ಮನೆಯ ಹೊರಗಿಟ್ಟು ಮಧ್ಯೆ ಮಧ್ಯೆ ಓಡಿಸಿದರೆ ಸಾಕು. ಇನ್ವರ್ಟರ್ ತೆಗೆದುಕೊಳ್ಳುವಾಗ ಸೈನ್ ವೇವ್ ಇರುವುದನ್ನೇ ಕೇಳಿ. ಉಳಿದವುಗಳಲ್ಲಿ ಎಸಿ ಪಂಪ್ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ.

ದೀಪದ ವಿಷಯ ಬೇಗ ಮುಗಿಯುತ್ತದೆ. ಮೆಟಲ್ ಹ್ಯಾಲೈಡ್ ನೀರನ್ನು ಬಿಸಿ ಮಾಡುವುದು ಇಲ್ಲಿ ಲಾಭವೇ, ಆದರೆ ಬಿಲ್ಲು ತಡೆಯುವುದಿಲ್ಲ. ಟಿ5 ಟ್ಯೂಬಿನ ಬೆಳಕು ಎಲ್ಲ ಕಡೆ ಒಂದೇ ಸಮ ಬೀಳುತ್ತದೆ. ಕುಶಾಲನಗರದಲ್ಲಿ ಅದೇ ಇದೆ, ಭಾವನಿಗೆ ಅದರ ಬಣ್ಣ ಇಷ್ಟ. ಆದರೆ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಬೇಕು. ನಾನು ಎಲ್‌ಇಡಿಗೆ ಬಂದು ನಿಂತಿದ್ದೇನೆ.

ಸ್ಕಿಮ್ಮರ್, ಕ್ಯಾನಿಸ್ಟರ್, ಪಾಚಿಯ ಕೋಣೆ

ಮುಚ್ಚಿದ ಡಬ್ಬಿಯೊಳಗೆ ನೀರು ಸೋಸುವ ಕ್ಯಾನಿಸ್ಟರ್ ಫಿಲ್ಟರನ್ನು ನಾನು ನಮ್ಮೂರಿಗೆ ಹೇಳುವುದಿಲ್ಲ. ಗಂಟೆಗಟ್ಟಲೆ ಕರೆಂಟ್ ಇಲ್ಲದಿದ್ದರೆ ಅದರೊಳಗೆ ಕಟ್ಟಿಕೊಂಡ ನೀರು ಕೆಡುತ್ತದೆ, ಮತ್ತೆ ಶುರುವಾದಾಗ ಆ ಕೆಟ್ಟ ನೀರೇ ಟ್ಯಾಂಕಿಗೆ ಬರುತ್ತದೆ. ತೆರೆದ ಸಂಪಿನಲ್ಲಿ ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಪಕ್ಕದ ಖಾನೆಯಲ್ಲಿ ನೀರಿನ ಕೊಳೆಯನ್ನು ಹೀರಿ ಬೆಳೆಯುವ ಕೀಟೋ ಎಂಬ ಪಾಚಿ ಇಟ್ಟದ್ದು ಎಲ್ಲಕ್ಕಿಂತ ಚೆನ್ನಾಗಿ ನಡೆದಿದೆ. ಸ್ಕಿಮ್ಮರ್ ಗಾಳಿಯನ್ನೂ ಬೆರೆಸುತ್ತದೆ. ಪಾಚಿಗೆ ರಾತ್ರಿ ದೀಪ ಕೊಟ್ಟರೆ ಪಿಎಚ್ ಬೀಳುವುದು ಕಡಿಮೆ.

ಮಳೆಗಾಲದಲ್ಲಿ ಪಿಎಚ್ ಯಾಕೆ ಬೀಳುತ್ತದೆ ಅಂದರೆ, ನಾವು ಕಿಟಕಿ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಮನೆಯೊಳಗೆ ಇಂಗಾಲದ ಡೈ ಆಕ್ಸೈಡ್ ಜಾಸ್ತಿಯಾಗಿ ನೀರಿಗೆ ಇಳಿಯುತ್ತದೆ. ಬಚ್ಚಲ ಹಂಡೆ ಒಲೆಯ ಹೊಗೆಯೂ ಸೇರಿಕೊಳ್ಳುತ್ತದೆ. ಇದಕ್ಕೆ ಎರಡು ದಾರಿ ನೋಡಿದೆ. ಒಂದು, ಸ್ಕಿಮ್ಮರಿನ ಗಾಳಿ ಪೈಪನ್ನು ಗೋಡೆ ಕೊರೆದು ಹೊರಗೆ ಬಿಡುವುದು. ಇನ್ನೊಂದು, ರಾತ್ರಿ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವುದು. ಸುಣ್ಣದ ತಿಳಿ ಕ್ಯಾಲ್ಸಿಯಂ ಕೂಡ ಕೊಡುತ್ತದೆ, ಆದರೆ ಒಮ್ಮೆಗೇ ಹೆಚ್ಚು ಬಿದ್ದರೆ ಅಪಾಯ. ಬೋರ್ಡೋಗೆ ತಂದ ತೋಟದ ಸುಣ್ಣ ಅದಕ್ಕೆ ಆಗುವುದಿಲ್ಲ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ಬೇಕು. ನನಗೆ ಪೈಪಿನ ದಾರಿಯೇ ಹೆಚ್ಚು ಹಿಡಿಸಿತು, ಖರ್ಚಿಲ್ಲ. ಸ್ಪ್ರೇ ನಡೆಯುವ ದಿನ ಮಾತ್ರ ಪೈಪನ್ನು ಒಳಗೆ ಎಳೆದುಕೊಳ್ಳಬೇಕು.

ಕಲ್ಲು, ಹವಳ, ಮೀನು

ಇಲ್ಲಿ ಹೋಲಿಕೆಗಿಂತ ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳಿವೆ. ಕಪ್ಪು ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ ಕೂಡ ಇವೆ. ಹುಲಿ ಇರುವ ಪಟ್ಟಿಯೇ ಅದು. ನಮ್ಮ ಕಡಲಿನಿಂದ ತಂದ ಹವಳದ ಕಲ್ಲನ್ನು ಲೈವ್ ರಾಕ್ (ಸೂಕ್ಷ್ಮಜೀವಿಗಳು ಮನೆಮಾಡಿದ ಕಲ್ಲು) ಎಂದು ಯಾರಾದರೂ ಮಾರಿದರೆ ಮುಟ್ಟಬೇಡಿ. ಸೆರಾಮಿಕ್ ಕಲ್ಲು ಹದಕ್ಕೆ ಬರಲು ತಡ ಮಾಡುತ್ತದೆ, ಮೊದಲ ತಿಂಗಳುಗಳಲ್ಲಿ ಕಂದು ಪಾಚಿ, ಆಮೇಲೆ ಹಸಿರು ಪಾಚಿ ಬಂದು ಬೇಸರ ತರಿಸುತ್ತದೆ. ಆದರೂ ಅದೇ ಸರಿ. ಕಡಲಿಂದ ಬರುವ ಕಾಟದ ಜೀವಿಗಳೂ ಅದರಲ್ಲಿ ಇರುವುದಿಲ್ಲ.

ನಾನು ಇಟ್ಟಿರುವುದು ಮೆದು ಹವಳಗಳು ಮತ್ತು ಅವುಗಳ ನೆಂಟರು: ಲೆದರ್, ಮಶ್ರೂಮ್, ಜೋಯಾಂಥಸ್. ನೋಡಲು ಗಟ್ಟಿ ಹವಳಕ್ಕೆ ಒಂದಿಷ್ಟೂ ಕಡಿಮೆಯಿಲ್ಲ, ಪಿಎಚ್, ಬಿಸಿ ಸ್ವಲ್ಪ ಏರಿಳಿದರೂ ತಡೆದುಕೊಳ್ಳುತ್ತವೆ. ಜೋಯಾಂಥಸ್ ಮುಟ್ಟುವಾಗ ಗ್ಲೌಸ್ ಹಾಕಿ. ಅದು ಕೂತ ಕಲ್ಲನ್ನು ಯಾವತ್ತೂ ಕುದಿಯುವ ನೀರಿಗೆ ಹಾಕಬೇಡಿ. ಅವುಗಳಲ್ಲಿ ಕೆಲವದರ ವಿಷ ಹಬೆಯ ಜೊತೆ ಉಸಿರಿಗೆ ಹೋದರೆ ಮನೆಯವರೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ.

ಕ್ಲೌನ್ ಮೀನಿನಲ್ಲಿ ಕಡಲಲ್ಲಿ ಹಿಡಿದದ್ದು, ಮರಿಕೇಂದ್ರದಲ್ಲಿ ಬೆಳೆದದ್ದು ಎರಡೂ ಸಿಗುತ್ತವೆ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮಲ್ಲೇ ರೂಪಿಸಿದ್ದಾರೆ. ಮರಿಕೇಂದ್ರದ್ದು ಬಂದ ಮರುದಿನವೇ ಕಾಳು ತಿಂದಿತು. ಕಡಲಿನದು ವಾರವಾದರೂ ಮೂಲೆ ಬಿಡಲಿಲ್ಲ. ನಾನು ಇನ್ನು ಮರಿಕೇಂದ್ರದ್ದನ್ನೇ ತರುವುದು.

ಯಾವಾಗ ಶುರು ಮಾಡಬೇಕು? ಏಪ್ರಿಲ್ ಬೇಡ. ಅಕ್ಟೋಬರ್ ಕೊನೆಗೆ ನೀರು ತುಂಬಿಸಿ, 25 ಡಿಗ್ರಿ ಇಟ್ಟುಕೊಂಡು, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ ಕಾಯಿರಿ. ಸಾಮಾನ್ಯವಾಗಿ 4ರಿಂದ 6 ವಾರ. ಮೀನು ಡಿಸೆಂಬರ್‌ಗೆ, ಹವಳ ಫೆಬ್ರವರಿಗೆ. ರಾತ್ರಿ ಬಸ್ಸಿನಲ್ಲಿ ತರಿಸುವುದಾದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲೇ ಕಳಿಸಲು ಹೇಳಿ, ಘಟ್ಟ ಹತ್ತುವಷ್ಟರಲ್ಲಿ ಚೀಲದ ನೀರು ತಣ್ಣಗಾಗಿರುತ್ತದೆ. ಮೇ ತಿಂಗಳಲ್ಲಿ ಹೊಸದೇನೂ ಸೇರಿಸದೆ ಬ್ಯಾಟರಿ, ಜನರೇಟರ್, ಉಪ್ಪಿನ ಡ್ರಮ್, ಒಂದು ಹೆಚ್ಚುವರಿ ಹೀಟರ್ ಇವನ್ನು ನೋಡಿಕೊಳ್ಳಿ.